ಇಸಿಯು ಬಿಚ್ಚಿದ ಮೇಲೆ

(ಆಟೊಮೊಬೈಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಗೆ ಬಂದ ಪ್ರಶ್ನೆಗಳ ಪೈಕಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕಾರಿನ ಪವರ್ ಹೆಚ್ಚಿಸಲು ಇಸಿಯುವನ್ನೇ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್ ಪೆಟ್ಟಿಗೆಯನ್ನೇ, ಬಿಚ್ಚಿ ಹೊರಗೆ ತೆಗೆಯಬೇಕಾ? ಸ್ಟೇರಿಂಗ್ ಕೆಳಗೆ ಗಾಡಿಯ ದೋಷ ಪತ್ತೆಗೆ ಇಟ್ಟಿರುವ ಒಬಿಡಿ ಪೋರ್ಟ್‌ಗೆ ಲ್ಯಾಪ್‌ಟಾಪ್ ಸಿಕ್ಕಿಸಿ ಹೊಸ ಫೈಲ್ ತುಂಬಿದರೆ ಸಾಕಲ್ವಾ? ಈ ವಿಷಯ ಎತ್ತಿದಾಗಲೆಲ್ಲ ಮೊದಲು ಬರುವ ಪ್ರಶ್ನೆ ಇದು. ಕೆಲವು ಕಾರುಗಳಿಗೆ ಸಾಕು, ಕೆಲವಕ್ಕೆ ಸಾಲದು ಅಂತ ಒಂದೇ ಸಾಲಿನಲ್ಲಿ ಉತ್ತರ ಕೊಡಬಹುದು. ಆದರೆ ನನಗೆ ಹೇಳಬೇಕಾದ್ದು ಅಷ್ಟೇ ಅಲ್ಲ. ಎಷ್ಟೋ ಕಾರುಗಳಲ್ಲಿ ಪೋರ್ಟ್ ಮೂಲಕ ಹೊಸ ಫೈಲ್ ಒಳಗೆ ಹೋಗುತ್ತದೆ, ಹಳೆಯದು ಹೊರಗೆ ಬರುವುದಿಲ್ಲ. ಫೈಲ್ ತುಂಬುವ ಟೂಲ್ ಇಸಿಯುನ ಸಾಫ್ಟ್‌ವೇರ್ ನಂಬರ್ ಮಾತ್ರ ನೋಡಿಕೊಂಡು, ಅದಕ್ಕೆ ಹೊಂದುವ ಫೈಲನ್ನು ತನ್ನ ಸರ್ವರ್‌ನಿಂದ ತಂದು ತೋರಿಸುತ್ತದೆ. ನಿಮ್ಮ ಕಾರಿನೊಳಗೆ ನಿಜವಾಗಿ ಏನಿತ್ತು ಅಂತ ಯಾರೂ ನೋಡಿರುವುದಿಲ್ಲ. ನೋಡದೆ ಅದರ ಮೇಲೆ ಬರೆಯುವುದನ್ನು ಟ್ಯೂನಿಂಗ್ ಅಂತ ನಾನು ಒಪ್ಪುವುದಿಲ್ಲ. ಮೊದಲು ಓದಬೇಕು, ಅರ್ಥ ಮಾಡಿಕೊಳ್ಳಬೇಕು, ಆಮೇಲೆ ಬರೆಯಬೇಕು. ಇವತ್ತು ನಾನು ಹೇಳುವುದೆಲ್ಲ ಇದರ ಸುತ್ತಲೇ ಇದೆ.

ಬಿಚ್ಚಿ, ಅಳೆದು, ಹೊಂದಿಸಿ ಹಾಕುವ ಕೆಲಸ ನಮ್ಮೂರುಗಳಿಗೆ ಹೊಸದೇನಲ್ಲ. ಬೆಂಗಳೂರಿನ ಆಡುಗೋಡಿಯ ಮೈಕೊ ಕಂಪನಿ ಎಲ್ಲರಿಗೂ ಗೊತ್ತು. 1951ರಲ್ಲಿ ಶುರುವಾದದ್ದು, ಈಗ ಬಾಷ್ ಲಿಮಿಟೆಡ್. ಅದರ ಹೆಸರಿನಲ್ಲಿ ಒಂದು ಬಡಾವಣೆಯೇ ಇದೆ. ಲಾರಿಗೆ, ಟ್ರ್ಯಾಕ್ಟರ್‌ಗೆ ಬರುತ್ತಿದ್ದ ಮೈಕೊ ಡೀಸೆಲ್ ಪಂಪ್‌ಗಳ ಕಾಲದಲ್ಲಿ, ಗಾಡಿ ಎಳೆಯುತ್ತಿಲ್ಲ, ಕಪ್ಪು ಹೊಗೆ ಕಾರುತ್ತಿದೆ ಅಂದರೆ ಪಂಪ್ ಬಿಚ್ಚಿ ಪಂಪ್ ಸರ್ವಿಸ್ ಅಂಗಡಿಗೆ ಕೊಡುತ್ತಿದ್ದರು. ಅಲ್ಲಿ ಅದನ್ನು ಟೆಸ್ಟ್ ಬೆಂಚ್ ಮೇಲೆ ಕೂರಿಸಿ ಮೋಟರ್‌ನಿಂದ ತಿರುಗಿಸುತ್ತಿದ್ದರು. ಒಂದೊಂದು ಸಿಲಿಂಡರ್‌ನ ಪಾಲಿಗೆ ಎಷ್ಟು ಡೀಸೆಲ್ ಬೀಳುತ್ತಿದೆ ಅಂತ ಸಾಲಾಗಿ ನಿಲ್ಲಿಸಿದ ಗಾಜಿನ ಕೊಳವೆಗಳಲ್ಲಿ ಕಣ್ಣಿಗೆ ಕಾಣುತ್ತಿತ್ತು. ಅದನ್ನು ಗುರುತು ಹಾಕಿಕೊಂಡ ಮೇಲೇ ಸ್ಕ್ರೂಗೆ ಕೈ ಹಾಕುತ್ತಿದ್ದರು. ಕೆಲಸ ಮುಗಿದ ಮೇಲೆ ಸೀಲ್. ಒಳ್ಳೆಯ ಪಂಪ್ ಮೆಕ್ಯಾನಿಕ್ ಅಳತೆ ಮಾಡದೆ ಸ್ಕ್ರೂ ಮುಟ್ಟುತ್ತಿರಲಿಲ್ಲ. ಆ ಪಂಪ್ ಮಾಡುತ್ತಿದ್ದ ಲೆಕ್ಕಾಚಾರವನ್ನು ಈಗ ಇಸಿಯು ಮಾಡುತ್ತದೆ. ಗಾಜಿನ ಕೊಳವೆ ಇಲ್ಲ, ಅಷ್ಟೇ.

ಹಾಗಾದರೆ ಇಸಿಯು ಒಳಗೆ ಏನಿದೆ? ಒಂದು ಡೀಸೆಲ್ ಕಾರನ್ನೇ ತೆಗೆದುಕೊಳ್ಳಿ. ನೀವು ಆಕ್ಸಿಲರೇಟರ್ ಒತ್ತಿದಾಗ ಡೀಸೆಲ್ ನೇರವಾಗಿ ಹೆಚ್ಚಾಗುವುದಿಲ್ಲ. ಪೆಡಲ್ ಎಷ್ಟು ಒತ್ತಿದೆ, ಎಂಜಿನ್ ಎಷ್ಟು ಆರ್‌ಪಿಎಂನಲ್ಲಿದೆ ಅಂತ ನೋಡಿ ಇಸಿಯು ಮೊದಲು ಒಂದು ಟಾರ್ಕ್, ಅಂದರೆ ಎಂಜಿನ್ ತಿರುಗಿಸುವ ಬಲ, ಲೆಕ್ಕ ಹಾಕುತ್ತದೆ. ಡ್ರೈವರ್‌ಗೆ ಇಷ್ಟು ಬೇಕಂತೆ ಅಂತ. ಆಮೇಲೆ ಆ ಬೇಡಿಕೆ ಒಂದರ ಹಿಂದೆ ಒಂದು ಮಿತಿಗಳನ್ನು ದಾಟಬೇಕು. ಗೇರ್‌ಬಾಕ್ಸ್ ಇಷ್ಟೇ ತಡೆಯುತ್ತದೆ ಅನ್ನುವ ಮಿತಿ. ಕೂಲಂಟ್ ಬಿಸಿಯಾಗಿದ್ದರೆ ಇನ್ನೊಂದು. ಸಿಲಿಂಡರ್‌ಗೆ ಬಂದ ಗಾಳಿಗೆ ಇಷ್ಟಕ್ಕಿಂತ ಜಾಸ್ತಿ ಡೀಸೆಲ್ ಹಾಕಿದರೆ ಹೊಗೆ ಬರುತ್ತದೆ ಅನ್ನುವ ಸ್ಮೋಕ್ ಲಿಮಿಟರ್. ಎಲ್ಲ ದಾಟಿ ಉಳಿದದ್ದು ಮಿಲಿಗ್ರಾಂ ಲೆಕ್ಕದ ಡೀಸೆಲ್ ಆಗುತ್ತದೆ. ಆಗಿನ ರೈಲ್ ಪ್ರೆಷರ್, ಅಂದರೆ ಡೀಸೆಲ್ ಹಂಚುವ ಕೊಳವೆಯ ಒತ್ತಡ, ನೋಡಿಕೊಂಡು ಆ ಮಿಲಿಗ್ರಾಂಗಳು ಮೈಕ್ರೊಸೆಕೆಂಡುಗಳಾಗುತ್ತವೆ, ಅಂದರೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರಬೇಕು ಅಂತ. ಈ ಒಂದೊಂದು ಮೆಟ್ಟಿಲೂ ಒಂದು ಕೋಷ್ಟಕ. ಅಡ್ಡಕ್ಕೆ ಆರ್‌ಪಿಎಂ, ಉದ್ದಕ್ಕೆ ಲೋಡು, ನಡುವೆ ಅಂಕಿಗಳು. ಇದನ್ನೇ ಮ್ಯಾಪ್ ಅನ್ನುವುದು. ಇಂಥವು ಒಂದು ಇಸಿಯುನಲ್ಲಿ ಸಾವಿರಾರು ಇರುತ್ತವೆ. ಟ್ಯೂನರ್ ಮುಟ್ಟುವುದು ಅವುಗಳಲ್ಲಿ ಬೆರಳೆಣಿಕೆಯಷ್ಟನ್ನು ಮಾತ್ರ. ಹಾಗಂತ ಉಳಿದವನ್ನು ಓದದೆ ಬಿಡುವ ಹಾಗಿಲ್ಲ.

ಯಾಕೆ ಅಂತ ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. ನಮ್ಮ ರಾಜ್ಯದ ಭೂಗೋಳಕ್ಕೇ ಸಂಬಂಧಪಟ್ಟ ಲೆಕ್ಕ ಇದು.

ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಪಂಪ್ ಟರ್ಬೊ. ಅದು ಎಷ್ಟು ಗಾಳಿ ಒತ್ತಬೇಕು ಅನ್ನುವ ಗುರಿಯನ್ನು ಡೀಸೆಲ್ ಇಸಿಯುಗಳಲ್ಲಿ ಒಟ್ಟು ಒತ್ತಡದ ಲೆಕ್ಕದಲ್ಲಿ ಬರೆದಿರುತ್ತಾರೆ. ಉದಾಹರಣೆಗೆ 2,200 ಮಿಲಿಬಾರ್ ಅಂತ ಇಟ್ಟುಕೊಳ್ಳಿ. ಮಂಗಳೂರಿನಲ್ಲಿ ಹೊರಗಿನ ಗಾಳಿಯೇ ಸುಮಾರು 1,013 ಮಿಲಿಬಾರ್ ಇರುತ್ತದೆ. ಟರ್ಬೊ ಅದನ್ನು 2.2 ಪಟ್ಟಿಗೆ ಏರಿಸಿದರೆ ಸಾಕು. ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ಗಾಳಿಯ ಒತ್ತಡ ಹೆಚ್ಚುಕಡಿಮೆ 910. ಅದೇ ಗುರಿ ಮುಟ್ಟಲು ಟರ್ಬೊ 2.4 ಪಟ್ಟು ಒತ್ತಬೇಕು. ಮುಳ್ಳಯ್ಯನಗಿರಿ 1,930 ಮೀಟರ್. ಆ ರಸ್ತೆಯ ಮೇಲ್ಭಾಗದಲ್ಲಿ ಒತ್ತಡ 800ರ ಹತ್ತಿರಕ್ಕೆ ಇಳಿಯುತ್ತದೆ, ಲೆಕ್ಕ 2.7 ಪಟ್ಟಿಗೆ ಹೋಗುತ್ತದೆ. ಅಂದರೆ ಅದೇ 2,200ಕ್ಕಾಗಿ ಟರ್ಬೊದ ಚಕ್ರ ಇನ್ನೂ ಎಷ್ಟೋ ವೇಗವಾಗಿ ಸುತ್ತಬೇಕು. ಅದಕ್ಕೂ ಒಂದು ಮಿತಿ ಇದೆ. ಮಿತಿ ದಾಟಿದರೆ ಬೇರಿಂಗ್ ಹೋಗುತ್ತದೆ, ಚಕ್ರದ ಎಲೆಗಳೇ ಮುರಿಯಬಹುದು.

ಇದು ಕಂಪನಿಯವರಿಗೆ ಗೊತ್ತು. ಅದಕ್ಕೇ ಎತ್ತರ ಹೆಚ್ಚಾದ ಹಾಗೆ ಗುರಿಯನ್ನು ಇಳಿಸುವ ಒಂದು ಮ್ಯಾಪ್ ಇಟ್ಟಿರುತ್ತಾರೆ. ಈಗ ಮಂಗಳೂರಿನಲ್ಲಿ ಒಬ್ಬರು ಕಾರನ್ನು ಟ್ಯೂನ್ ಮಾಡಿದರು ಅನ್ನಿ. ಬೂಸ್ಟ್ ಗುರಿ, ಅಂದರೆ ಟರ್ಬೊ ಒತ್ತಡದ ಗುರಿ, ಏರಿಸಿದರು. ಅಡ್ಡ ಬರುತ್ತಿದೆ ಅಂತ ಎತ್ತರದ ಮಿತಿಯನ್ನೂ ಎತ್ತಿಬಿಟ್ಟರು. ಪಣಂಬೂರಿನ ರಸ್ತೆಯಲ್ಲಿ ಗಾಡಿ ಚೆನ್ನಾಗಿ ಓಡುತ್ತದೆ, ಓಡುವಾಗ ದಾಖಲಾದ ಅಂಕಿಗಳ ಲಾಗ್‌ನಲ್ಲಿ ಎಲ್ಲ ಸರಿಯಾಗೇ ಕಾಣುತ್ತದೆ. ಅದೇ ಗಾಡಿ ಚಾರ್ಮಾಡಿ ಹತ್ತಿ ಚಿಕ್ಕಮಗಳೂರು ದಾಟಿ ಮೇಲೆ ಹೋದಾಗ ಟರ್ಬೊ ತನ್ನ ಶಕ್ತಿ ಮೀರಿ ಸುತ್ತುತ್ತದೆ. ಡ್ರೈವರ್‌ಗೆ ಏನೂ ಗೊತ್ತಾಗುವುದಿಲ್ಲ. ಒಂದು ದಿನ ಸೀಟಿ ಹೊಡೆದ ಹಾಗೆ ಸದ್ದು, ನೀಲಿ ಹೊಗೆ, ಆಮೇಲೆ ದೊಡ್ಡ ಬಿಲ್ಲು. ಇಂಟರ್‌ನೆಟ್‌ನಲ್ಲಿ ಸಿಗುವ ಸ್ಟೇಜ್ 1 ಅನ್ನುವ ಸಿದ್ಧ ಫೈಲ್‌ಗಳ ಬಗ್ಗೆ ನನಗಿರುವ ದೊಡ್ಡ ತಕರಾರು ಇದೇ. ಯಾವುದೋ ದೇಶದ, ಯಾವುದೋ ಎತ್ತರದ, ಯಾವುದೋ ಇಂಧನದ ಮೇಲೆ ಮಾಡಿದ ಫೈಲ್ ಅದು. ಕಸ್ಟಮ್ ಟ್ಯೂನ್ ಅಂದರೆ ಈ ಕಾರು, ಈ ಇಂಧನ, ಈ ರಸ್ತೆ.

ಇನ್ನು ಬಿಚ್ಚುವ ವಿಷಯ. ಅದಕ್ಕೆ ಸ್ವಲ್ಪ ಇತಿಹಾಸ ಬೇಕು, ಬೇಗ ಹೇಳಿ ಮುಗಿಸುತ್ತೇನೆ.

ಇಗ್ನಿಷನ್ ಮತ್ತು ಇಂಜೆಕ್ಷನ್ ಎರಡನ್ನೂ ಒಂದೇ ಡಿಜಿಟಲ್ ಪೆಟ್ಟಿಗೆಗೆ ತಂದದ್ದು ಬಾಷ್‌ನ ಮೊಟ್ರೊನಿಕ್, 1979ರಲ್ಲಿ, ಬಿಎಂಡಬ್ಲ್ಯು 732ಐ ಕಾರಿನಲ್ಲಿ. ಆಗಿನ ಪೆಟ್ಟಿಗೆಗಳಲ್ಲಿ ಮ್ಯಾಪ್‌ಗಳು ಇಪ್ರಾಮ್ ಅನ್ನುವ ಒಂದು ಮೆಮೊರಿ ಚಿಪ್‌ನಲ್ಲಿ ಇರುತ್ತಿದ್ದವು. ಟ್ಯೂನ್ ಮಾಡಬೇಕೆಂದರೆ ಬಿಚ್ಚದೆ ಬೇರೆ ದಾರಿಯೇ ಇರಲಿಲ್ಲ. ಚಿಪ್ ಕಿತ್ತು, ಓದಿ, ಬದಲಾಯಿಸಿದ ಚಿಪ್ ಹಾಕಬೇಕು. ಚಿಪ್ ಟ್ಯೂನಿಂಗ್ ಅನ್ನುವ ಹೆಸರು ಬಂದದ್ದು ಹಾಗೆ. ಚಿಪ್‌ನ ನೆತ್ತಿಯ ಮೇಲೆ ಸಣ್ಣ ಗಾಜಿನ ಕಿಟಕಿ ಇರುತ್ತಿತ್ತು. ಅಲ್ಟ್ರಾವಯಲೆಟ್ ದೀಪದ ಕೆಳಗೆ ಹದಿನೈದಿಪ್ಪತ್ತು ನಿಮಿಷ ಇಟ್ಟರೆ ಹಳೆಯದು ಅಳಿಸಿಹೋಗುತ್ತಿತ್ತು. ಅಮೆರಿಕದ 1992ರಿಂದ 95ರ ಹೋಂಡಾ ಸಿವಿಕ್‌ಗಳಲ್ಲಿ ಬಂದ ಪಿ28 ಇಸಿಯು ಈ ವಿದ್ಯೆ ಕಲಿಯುವವರಿಗೆ ಪಾಠಶಾಲೆಯೇ ಆಯಿತು. ಬೋರ್ಡ್ ಮೇಲೆ ಚಿಪ್‌ಗೆ ಜಾಗ ಖಾಲಿ ಬಿಟ್ಟಿದ್ದರು. 28 ಕಾಲಿನ ಸಾಕೆಟ್, 74ಎಚ್‌ಸಿ373 ಅನ್ನುವ ಸಣ್ಣ ಐಸಿ, ಒಂದು ಜಂಪರ್, ಇಷ್ಟು ಬೆಸುಗೆ ಹಾಕಿದರೆ 32 ಕೆಬಿಯ ಸ್ವಂತ ಮ್ಯಾಪ್ ಓಡಿಸಬಹುದಿತ್ತು. 32 ಕೆಬಿ! ಇವತ್ತು ವಾಟ್ಸ್ಆ್ಯಪ್‌ನಲ್ಲಿ ಬರುವ ಒಂದು ಫೋಟೊ ಅದಕ್ಕಿಂತ ದೊಡ್ಡದು.

ಆಮೇಲೆ ಫ್ಲ್ಯಾಷ್ ಮೆಮೊರಿ ಬಂತು, ಒಬಿಡಿ ಮೂಲಕವೇ ಓದಿ ಬರೆಯುವುದು ಸಾಧ್ಯವಾಯಿತು. ಟ್ಯೂನರ್‌ಗಳಿಗೆ ಸುಗ್ಗಿ ಕಾಲ ಅದು. ಎಲ್ಲರೂ ಬರೆಯತೊಡಗಿದ ಮೇಲೆ ಕಂಪನಿಗಳು ಬಾಗಿಲು ಹಾಕಿದವು. 2000ರ ದಶಕದ ಕೊನೆಯಲ್ಲಿ ಬಂದ ಬಾಷ್‌ನ ಇಡಿಸಿ17 ಡೀಸೆಲ್‌ಗೆ, ಎಂಇಡಿ17 ಪೆಟ್ರೋಲ್‌ಗೆ. ಎರಡರಲ್ಲೂ ಇನ್ಫಿನಿಯನ್ ಕಂಪನಿಯ ಟ್ರೈಕೋರ್ ಪ್ರೊಸೆಸರ್. ಹೊಸ ಫೈಲ್‌ಗೆ ಕಂಪನಿಯ ಡಿಜಿಟಲ್ ಸಹಿ ಇದೆಯಾ ಅಂತ ಇಸಿಯು ಪರೀಕ್ಷೆ ಮಾಡತೊಡಗಿತು. ಆಗ ಮತ್ತೆ ಸ್ಪ್ಯಾನರ್ ಕೈಗೆ ಬಂತು. ಪೆಟ್ಟಿಗೆ ಬಿಚ್ಚಿ, ಮುಚ್ಚಳ ತೆಗೆದು, ಬೋರ್ಡ್ ಮೇಲಿನ ಒಂದು ಬಿಂದುವನ್ನು ರೆಸಿಸ್ಟರ್ ಮೂಲಕ ಗ್ರೌಂಡ್‌ಗೆ ಹಿಡಿದು ಕರೆಂಟ್ ಕೊಟ್ಟರೆ, ಪ್ರೊಸೆಸರ್ ತನ್ನ ಮಾಮೂಲಿ ಪ್ರೋಗ್ರಾಂ ಓಡಿಸದೆ ಬೂಟ್ ಮೋಡ್‌ಗೆ ಹೋಗುತ್ತದೆ ಅಂತ ಗೊತ್ತಾಯಿತು. ಮುಂದೆ ಮುಚ್ಚಳ ತೆಗೆಯದೆ, ಕನೆಕ್ಟರ್ ಪಿನ್‌ಗಳಿಂದಲೇ ಅದೇ ಕೆಲಸ ಮಾಡುವ ಬೆಂಚ್ ಮೋಡ್ ಬಂತು. ಬಾಷ್‌ನ ಈಗಿನ ಎಂಜಿ1, ಎಂಡಿ1 ಸರಣಿಗಳಲ್ಲಿ ಬೀಗ ಇನ್ನೂ ಬಿಗಿ. 2020ರ ಮಧ್ಯದ ನಂತರ ತಯಾರಾದ ಬಿಎಂಡಬ್ಲ್ಯು ಇಸಿಯುಗಳನ್ನು ಜನ ಬಿಚ್ಚಿ, ಪ್ಯಾಕ್ ಮಾಡಿ, ಬೀಗ ತೆಗೆಸಲು ಫಿನ್ಲೆಂಡ್‌ವರೆಗೂ ಕಳಿಸಿದ್ದಾರೆ.

ಬಿಚ್ಚುವ ಕೆಲಸ ಹೇಗಿರುತ್ತದೆ ಅಂತ ಸ್ವಲ್ಪ ಹತ್ತಿರದಿಂದ ಹೇಳುತ್ತೇನೆ. ಇಲ್ಲಿ ಆತುರ ಮಾಡಿದವರೇ ಜಾಸ್ತಿ ಕಳೆದುಕೊಳ್ಳುವುದು.

ಫೋಕ್ಸ್‌ವ್ಯಾಗನ್ ಗುಂಪಿನ ಹಲವು ಕಾರುಗಳಲ್ಲಿ ಇಸಿಯು ವೈಪರ್ ಕೆಳಗಿನ ತೊಟ್ಟಿಯಲ್ಲಿರುತ್ತದೆ. ಬೇರೆ ಎಷ್ಟೋ ಕಾರುಗಳಲ್ಲಿ ಬ್ಯಾಟರಿಯ ಪಕ್ಕ. ಇಗ್ನಿಷನ್ ಆಫ್ ಮಾಡಿದ ತಕ್ಷಣ ಅದು ಮಲಗುವುದಿಲ್ಲ. ಕಲಿತದ್ದನ್ನು ಮೆಮೊರಿಗೆ ಬರೆದುಕೊಳ್ಳುತ್ತ ಸ್ವಲ್ಪ ಹೊತ್ತು ಎಚ್ಚರವಾಗಿರುತ್ತದೆ. ಕೆಲವು ನಿಮಿಷ ಕಾಯಿರಿ. ಆಮೇಲೆ ಬ್ಯಾಟರಿಯ ನೆಗೆಟಿವ್ ಕಳಚಿ, ಕನೆಕ್ಟರ್‌ನ ಲಿವರ್ ಎತ್ತಿ. ಕನೆಕ್ಟರನ್ನು ವೈರ್ ಹಿಡಿದು ಎಳೆಯಬಾರದು ಅಂತ ನಿಮಗೆ ಹೇಳಬೇಕಾಗಿಲ್ಲ. ಮೇಜಿನ ಮೇಲೆ ಇಟ್ಟ ಮೇಲೆ ಬೇಕಾಗುವುದು ಕೆಲವೇ ತಂತಿ: ಖಾಯಂ ಪವರ್, ಇಗ್ನಿಷನ್ ಪವರ್, ಗ್ರೌಂಡ್, ಗಾಡಿಯ ಕಂಪ್ಯೂಟರ್‌ಗಳು ಮಾತಾಡಿಕೊಳ್ಳುವ ಕ್ಯಾನ್ ಜಾಲದ ಎರಡು ತಂತಿ. ಕರೆಂಟ್ ಒಳ್ಳೆಯ ಬೆಂಚ್ ಪವರ್ ಸಪ್ಲೈಯಿಂದ ಬರಬೇಕು. ಸುಮ್ನೆ ಸಿಕ್ಕಿದ ಅಡಾಪ್ಟರ್ ಬೇಡ. ಬರೆಯುವ ನಡುವೆ ವೋಲ್ಟೇಜ್ ಇಳಿದರೆ ಅರ್ಧ ಹಳೆಯದು, ಅರ್ಧ ಹೊಸದು ಉಳಿದುಕೊಂಡು ಇಸಿಯು ಏಳುವುದೇ ಇಲ್ಲ.

ಓದಿದಾಗ ಸಿಗುವ ಫೈಲ್ ಎಷ್ಟು ದೊಡ್ಡದು? ಟ್ರೈಕೋರ್‌ನಲ್ಲಿ ಟಿಸಿ1766 ಇದ್ದರೆ 1.5 ಎಂಬಿ, ಟಿಸಿ1796 ಇದ್ದರೆ 2, ಟಿಸಿ1797 ಇದ್ದರೆ 4. ಜೊತೆಗೆ ಇಇಪ್ರಾಮ್ ಅನ್ನುವ ಇನ್ನೊಂದು ಮೆಮೊರಿಯ ಸಣ್ಣ ಫೈಲ್. ಈ ಸಣ್ಣದನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಬೇರೆ ಕೀಲಿಗೆ ಗಾಡಿ ಹೊರಡದಂತೆ ತಡೆಯುವ ಇಮೊಬಿಲೈಸರ್ ಗುಟ್ಟು, ಚಾಸಿ ನಂಬರ್, ಇಂಜೆಕ್ಟರ್‌ಗಳ ತಿದ್ದುಪಡಿ ಕೋಡ್‌ಗಳು ಇಂಥ ಕಡೆಯೇ ಇರುತ್ತವೆ. ಅದು ಹಾಳಾದರೆ ಎಂಜಿನ್ ಸರಿಯಾಗಿದ್ದರೂ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಎರಡನ್ನೂ ಎರಡು ಸಲ ಓದಿ, ಎರಡೂ ಪ್ರತಿ ಒಂದೇ ಥರ ಇವೆಯಾ ಅಂತ ಹೋಲಿಸಿ, ಎರಡು ಕಡೆ ಉಳಿಸಿಟ್ಟ ಮೇಲೆ ಮಾತ್ರ ಮುಂದಿನ ಹೆಜ್ಜೆ. ಅಗ್ಗದ ನಕಲಿ ಟೂಲ್‌ಗಳಲ್ಲಿ ಈ ಹೋಲಿಕೆ ಎಷ್ಟೋ ಸಲ ತಪ್ಪುತ್ತದೆ, ಅಂಥವನ್ನು ದಯವಿಟ್ಟು ಇನ್ನೊಬ್ಬರ ಕಾರಿಗೆ ಹಚ್ಚಬೇಡಿ.

ಮುಚ್ಚಳ ತೆಗೆಯಲೇಬೇಕಾದ ಇಸಿಯು ಆದರೆ ಇನ್ನೊಂದು ಮಾತು. ಅಲ್ಯೂಮಿನಿಯಂ ಮುಚ್ಚಳವನ್ನು ಸಿಲಿಕೋನ್ ಗಮ್ ಹಾಕಿ ಕೂರಿಸಿರುತ್ತಾರೆ. ಹಾಟ್ ಏರ್ ಗನ್‌ನಿಂದ ಹದವಾಗಿ ಬಿಸಿ ಮಾಡಿ, ಅಂಚಿನಿಂದ ನಿಧಾನಕ್ಕೆ ಎಬ್ಬಿಸಬೇಕು. ಪೆಟ್ಟಿಗೆಯ ಮೇಲೆ ನಾಣ್ಯಕ್ಕಿಂತ ಚಿಕ್ಕದಾದ ಒಂದು ಬಿಳಿ ಪೊರೆ ಇರುವುದನ್ನು ನೋಡಿ. ಅದು ಗಾಳಿ ಬಿಡುತ್ತದೆ, ನೀರು ಬಿಡುವುದಿಲ್ಲ. ಆಗ ಎತ್ತರದ ಲೆಕ್ಕ ಹೇಳಿದೆನಲ್ಲ, ಹೊರಗಿನ ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಹಲವು ಇಸಿಯುಗಳಲ್ಲಿ ಇದೇ ಪೆಟ್ಟಿಗೆಯೊಳಗೆ, ಬೋರ್ಡ್ ಮೇಲೇ ಇರುತ್ತದೆ. ವಾಪಸ್ ಮುಚ್ಚುವಾಗ ಭದ್ರವಾಗಿರಲಿ ಅಂತ ಆ ಪೊರೆಯ ಮೇಲೂ ಸಿಲಿಕೋನ್ ಬಳಿದವರಿದ್ದಾರೆ. ಹಾಗೆ ಮಾಡಿದರೆ ಪೆಟ್ಟಿಗೆಯೊಳಗೆ ಆವತ್ತಿನ ಗಾಳಿಯೇ ಸಿಕ್ಕಿಕೊಂಡುಬಿಡುತ್ತದೆ. ಎಂಜಿನ್ ಬಿಸಿಗೆ ಒಳಗಿನ ಒತ್ತಡ ಏರುತ್ತದೆ, ಇಸಿಯು ತಾನು ಸಮುದ್ರಮಟ್ಟಕ್ಕಿಂತಲೂ ಕೆಳಗಿದ್ದೇನೆ ಅಂತ ಲೆಕ್ಕ ಹಾಕುತ್ತದೆ. ಇನ್ನು ಅಂಚಿಗೆ ಗಮ್ ಕಡಿಮೆ ಹಾಕಿದರೆ ನಮ್ಮ ಮಳೆಗಾಲ ಸುಮ್ಮನಿರುವುದಿಲ್ಲ. ಮಲೆನಾಡು, ಕರಾವಳಿ ಕಡೆಯ ಗಾಡಿಗಳಲ್ಲಂತೂ ಒಂದೇ ಮಳೆಗಾಲದಲ್ಲಿ ಪಿನ್‌ಗಳು ಹಸಿರು ಬಣ್ಣಕ್ಕೆ ತಿರುಗಬಹುದು.

ಓದುವುದಕ್ಕೆ ನಾನು ಯಾಕೆ ಇಷ್ಟು ಒತ್ತು ಕೊಡುತ್ತೇನೆ ಅನ್ನುವುದಕ್ಕೆ ನನ್ನ ಹತ್ತಿರ ಇರುವ ದೊಡ್ಡ ಕಾರಣ ಪವರ್ ಅಲ್ಲ. 2015.

ಆ ವರ್ಷ ಸೆಪ್ಟೆಂಬರ್ 18ರಂದು ಅಮೆರಿಕದ ಪರಿಸರ ಇಲಾಖೆ ಫೋಕ್ಸ್‌ವ್ಯಾಗನ್‌ಗೆ ನೋಟಿಸ್ ಕೊಟ್ಟಿತು. ಹೊಗೆ ಪರೀಕ್ಷೆಯ ಯಂತ್ರದ ಮೇಲೆ ನಿಂತಾಗ ಶುದ್ಧವಾಗಿರುವ ಕಾರು ರಸ್ತೆಗೆ ಬಂದರೆ ಮಿತಿಗಿಂತ 40 ಪಟ್ಟುವರೆಗೆ ನೈಟ್ರೋಜನ್ ಆಕ್ಸೈಡ್ ಬಿಡುತ್ತಿತ್ತು. ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಕಾರುಗಳು. ಭಾರತದಲ್ಲೇ 3,23,700 ಕಾರುಗಳನ್ನು ವಾಪಸ್ ಕರೆಸುವುದಾಗಿ ಕಂಪನಿ ಹೇಳಿತು. ಇದು ಹೊರಬರಲು ದಾರಿ ಮಾಡಿದ್ದು ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಒಂದು ಸಣ್ಣ ತಂಡ. ಅಳತೆಯ ಉಪಕರಣವನ್ನು ಕಾರಿನ ಹಿಂಭಾಗಕ್ಕೆ ತುಂಬಿಕೊಂಡು ಲಾಸ್ ಏಂಜಲೀಸ್‌ನಿಂದ ಸಿಯಾಟಲ್‌ವರೆಗೂ ಓಡಿಸಿದವರು ಅವರು. ಆ ತಂಡದಲ್ಲಿ ಅರವಿಂದ್ ತಿರುವೆಂಗಡಂ, ಮಾರ್ಕ್ ಬೆಶ್ ಜೊತೆಗೆ ನಮ್ಮ ಬೆಂಗಳೂರಿನ ಹೇಮಂತ್ ಕಪ್ಪಣ್ಣ ಇದ್ದರು. ಹೇಮಂತ್ ಆಗ ನಿಮ್ಮ ಹಾಗೆಯೇ ವಿದ್ಯಾರ್ಥಿ. ಈ ಹೆಸರುಗಳನ್ನು ಮರೆಯಬೇಡಿ.

ಅವರು ಹೊಗೆ ಕೊಳವೆಯಲ್ಲಿ ಅಳೆದರು. ಪೆಟ್ಟಿಗೆಯೊಳಗೆ ಏನು ನಡೆಯುತ್ತಿತ್ತು ಅಂತ ತೋರಿಸಿದ್ದು ಇನ್ನೊಬ್ಬರು. ಜರ್ಮನಿಯ ಫೆಲಿಕ್ಸ್ ಡೊಮ್ಕೆ ತಮ್ಮ ಫೋಕ್ಸ್‌ವ್ಯಾಗನ್ ಕಾರಿನಲ್ಲಿದ್ದ ಮಾದರಿಯ ಇಡಿಸಿ17 ಇಸಿಯು ಒಂದನ್ನು ಆನ್‌ಲೈನ್‌ನಲ್ಲಿ ಕೊಂಡರು, ಮೇಜಿನ ಮೇಲೆ ಇಟ್ಟು ಓದಿದರು. ಅದೇ ಡಿಸೆಂಬರ್‌ನಲ್ಲಿ ಹ್ಯಾಂಬರ್ಗ್‌ನ ಸಮ್ಮೇಳನದಲ್ಲಿ ಡೇನಿಯಲ್ ಲಾಂಗೆ ಜೊತೆ ನಿಂತು ವಿವರಿಸಿದರು. ಕಾರು ಹೊರಟು ಎಷ್ಟು ಹೊತ್ತಾಯಿತು, ಅಷ್ಟರಲ್ಲಿ ಎಷ್ಟು ದೂರ ಓಡಿತು ಅಂತ ಇಸಿಯು ನೋಡುತ್ತಿತ್ತು. ಪರೀಕ್ಷೆಯಲ್ಲಿ ಓಡಿಸುವ ರೀತಿಗೆ ಅದು ಹೊಂದಿದರೆ ಒಂದು ಲೆಕ್ಕ, ಹೊಂದದಿದ್ದರೆ ಇನ್ನೊಂದು. ಆ ತುಣುಕಿಗೆ ಇಟ್ಟಿದ್ದ ಹೆಸರು ಎಂಜಿನ್ ಸದ್ದಿಗೆ ಸಂಬಂಧಪಟ್ಟದ್ದು ಅನ್ನುವ ಹಾಗಿತ್ತು. 2017ರಲ್ಲಿ ಜರ್ಮನಿಯ ಬೋಹುಮ್ ವಿಶ್ವವಿದ್ಯಾಲಯ ಮತ್ತು ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ನೂರಾರು ಫೈಲ್‌ಗಳನ್ನು ಓದಿ ಇದನ್ನೇ ಇನ್ನೂ ಖಚಿತವಾಗಿ ತೋರಿಸಿದರು.

ಟ್ಯೂನರ್‌ಗಳು ವರ್ಷಗಳಿಂದ ಇವೇ ಇಸಿಯುಗಳನ್ನು ಬಿಚ್ಚುತ್ತಿದ್ದರು, ಇವೇ ಫೈಲ್‌ಗಳು ಅವರ ಲ್ಯಾಪ್‌ಟಾಪ್‌ಗಳಲ್ಲಿದ್ದವು. ಆದರೆ ಎಲ್ಲರೂ ನೋಡುತ್ತಿದ್ದದ್ದು ಬೂಸ್ಟ್, ಟಾರ್ಕ್, ರೈಲ್ ಪ್ರೆಷರ್. ನಮ್ಮ ಕಸುಬಿನವರು ಈ ಮಾತನ್ನು ಮನಸ್ಸಿಗೆ ತಗೊಳ್ಳಬೇಕು. ಕಾರು ಕೊಂಡವರಿಗೆ ಅದರ ಪೆಟ್ಟಿಗೆಯನ್ನು ಓದುವ ಹಕ್ಕು ಇರಬೇಕು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. 2015ರ ಅಕ್ಟೋಬರ್‌ನಲ್ಲಿ ಅಮೆರಿಕದ ಕಾಪಿರೈಟ್ ವ್ಯವಸ್ಥೆ ರಿಪೇರಿ ಮತ್ತು ಕಾನೂನುಬದ್ಧ ಬದಲಾವಣೆಗಾಗಿ ವಾಹನದ ಸಾಫ್ಟ್‌ವೇರ್ ಬೀಗ ದಾಟಲು ಮಾಲೀಕರಿಗೆ ವಿನಾಯಿತಿ ಕೊಟ್ಟದ್ದು ಈ ದಿಕ್ಕಿನ ಒಳ್ಳೆಯ ಹೆಜ್ಜೆ.

ಈಗ ಬರೆಯುವ ಭಾಗ. ಇಲ್ಲಿ ಒಂದೇ ವಿಷಯ ಹಿಡಿದುಕೊಂಡು ಹೇಳುತ್ತೇನೆ, ಯಾಕೆಂದರೆ ನಮ್ಮ ಕಡೆ ಇದರಿಂದಲೇ ಜಾಸ್ತಿ ಗಾಡಿಗಳು ಹಾಳಾಗುತ್ತವೆ.

ಪವರ್ ಹೆಚ್ಚಿಸಲು ಎರಡು ದಾರಿ ಇದೆ. ಒಂದು, ಮೇಲಿನಿಂದ ಬರುವುದು. ಟಾರ್ಕ್ ಮಿತಿಯನ್ನು ಏರಿಸಿ, ಅದಕ್ಕೆ ತಕ್ಕ ಗಾಳಿ ಕೊಟ್ಟು, ಗಾಳಿಗೆ ತಕ್ಕ ಡೀಸೆಲ್ ಕೊಡುವುದು. ಹೀಗೆ ಮಾಡಿದಾಗ ಇಸಿಯುಗೆ ಎಂಜಿನ್ ಎಷ್ಟು ಟಾರ್ಕ್ ಕೊಡುತ್ತಿದೆ ಅಂತ ಗೊತ್ತಿರುತ್ತದೆ. ಇನ್ನೊಂದು, ಕೆಳಗೆ ಕದ್ದು ಸೇರಿಸುವುದು. ಕೊನೆಯ ಕೋಷ್ಟಕದಲ್ಲಿ ಇಂಜೆಕ್ಟರ್ ತೆರೆದಿರುವ ಹೊತ್ತನ್ನು ಉದ್ದ ಮಾಡಿಬಿಟ್ಟರೆ ಇಸಿಯು ಲೆಕ್ಕದಲ್ಲಿ 40 ಮಿಲಿಗ್ರಾಂ ಅಂತಲೇ ಇರುತ್ತದೆ, ಸಿಲಿಂಡರ್‌ಗೆ 48 ಹೋಗುತ್ತದೆ. ರೈಲ್ ಪ್ರೆಷರ್ ಸೆನ್ಸರ್‌ಗೆ ಸಿಕ್ಕಿಸುವ ಟ್ಯೂನಿಂಗ್ ಬಾಕ್ಸ್‌ಗಳು ಮಾಡುವುದೂ ಇದನ್ನೇ. ಓಡಿಸಿದರೆ ಗಾಡಿ ಎಳೆಯುತ್ತದೆ, ಖುಷಿಯಾಗುತ್ತದೆ. ಆದರೆ ಸ್ಮೋಕ್ ಲಿಮಿಟರ್‌ಗೆ ಗೊತ್ತಿಲ್ಲ. ಮೈಲೇಜ್ ತೋರಿಸುವ ಮೀಟರ್‌ಗೆ ಗೊತ್ತಿಲ್ಲ, ಅದು ಸುಳ್ಳೇ ತೋರಿಸುತ್ತದೆ. ಟರ್ಬೊದ ಮುಂದಿನ ಅನಿಲದ ಬಿಸಿ 800 ಡಿಗ್ರಿ ದಾಟುತ್ತಿದ್ದರೂ ತಡೆಯಬೇಕಾದ ಲೆಕ್ಕಕ್ಕೆ ಸುಳಿವೇ ಸಿಗುವುದಿಲ್ಲ.

ಆಟೊಮ್ಯಾಟಿಕ್ ಗಾಡಿಗಳಲ್ಲಿ ಇದು ಇನ್ನೂ ಕೆಟ್ಟದ್ದು. ನಮ್ಮಲ್ಲಿ ತುಂಬಾ ಜನ ಇಷ್ಟಪಟ್ಟ ಪೋಲೊ ಜಿಟಿ ಟಿಎಸ್ಐ ನೋಡಿ. 1.2 ಲೀಟರ್ ಪೆಟ್ರೋಲ್ ಟರ್ಬೊ, 105 ಪಿಎಸ್ ಪವರ್, 175 ಎನ್‌ಎಂ ಟಾರ್ಕ್. ಏಳು ಗೇರಿನ ಡಿಎಸ್‌ಜಿ, ಒಳಗೆ ಡಿಕ್ಯು200 ಗೇರ್‌ಬಾಕ್ಸ್, ಎರಡು ಒಣ ಕ್ಲಚ್. ಅದನ್ನು ಮಾಡಿರುವುದು 250 ಎನ್‌ಎಂವರೆಗಿನ ಎಂಜಿನ್‌ಗಳಿಗೆ. ಕ್ಲಚ್ಚನ್ನು ಎಷ್ಟು ಗಟ್ಟಿ ಒತ್ತಬೇಕು ಅಂತ ಗೇರ್‌ಬಾಕ್ಸ್‌ನ ಕಂಪ್ಯೂಟರ್ ನಿರ್ಧರಿಸುವುದು ಎಂಜಿನ್‌ನ ಇಸಿಯು ಹೇಳುವ ಟಾರ್ಕ್ ಅಂಕಿಯ ಮೇಲೆ. ಇಸಿಯು 175 ಅಂತ ಹೇಳುತ್ತಿದೆ, ನಿಜಕ್ಕೂ 220 ಬರುತ್ತಿದೆ ಅಂದರೆ ಕ್ಲಚ್ ಜಾರುತ್ತದೆ, ಬಿಸಿಯಾಗುತ್ತದೆ, ಸವೆಯುತ್ತದೆ. ಗೇರ್‌ಬಾಕ್ಸ್ ವೀಕ್ ಅಂತ ಜನ ಬೈಯುತ್ತಾರೆ. ಅದಕ್ಕೆ ತಪ್ಪು ಅಂಕಿ ಹೇಳಿಕೊಟ್ಟವರು ಯಾರು ಅಂತ ಕೇಳುವುದಿಲ್ಲ. ನಾನು ಟ್ಯೂನ್ ಮಾಡಿದ ಫೈಲ್ ನೋಡುವಾಗ ಮೊದಲು ಹುಡುಕುವುದು ಇದನ್ನೇ: ಇಸಿಯುಗೆ ನಿಜ ಗೊತ್ತಿದೆಯಾ?

ಪೆಟ್ರೋಲ್ ಟರ್ಬೊಗಳಲ್ಲಿ ಇಂಧನವೂ ಲೆಕ್ಕಕ್ಕೆ ಬರುತ್ತದೆ. ವರ್ಷಗಟ್ಟಲೆ ನಮ್ಮ ಬಂಕ್‌ಗಳ ಮಾಮೂಲಿ ಪೆಟ್ರೋಲ್ 91 ಆಕ್ಟೇನ್. ಆಕ್ಟೇನ್ ಅಂದರೆ ಪೆಟ್ರೋಲ್ ತಾನಾಗಿ ಸಿಡಿಯದೆ ಎಷ್ಟು ತಡೆಯುತ್ತದೆ ಅನ್ನುವ ಅಳತೆ. 100 ಆಕ್ಟೇನ್ 2020ರ ಕೊನೆಗೆ ಕೆಲವು ಊರುಗಳಿಗೆ ಬಂತು, ಈಗ ಶೇ. 20 ಎಥನಾಲ್ ಬೆರೆಸಿದ್ದು ಎಲ್ಲ ಕಡೆ. ಒಂದೊಂದಕ್ಕೂ ಇಗ್ನಿಷನ್ ಎಷ್ಟು ಮುಂಚೆ ಕೊಡಬಹುದು ಅನ್ನುವುದು ಬೇರೆ. 100 ಆಕ್ಟೇನ್ ಹಾಕಿ, ಪವರ್ ಅಳೆಯುವ ಡೈನೊ ಮೇಲೆ ಮಾಡಿದ ಮ್ಯಾಪ್ ಹೊತ್ತ ಕಾರು, ರಾತ್ರಿ ಹೈವೇಯಲ್ಲಿ ಸಿಕ್ಕ ಬಂಕ್‌ನ ಪೆಟ್ರೋಲ್ ಕುಡಿದಾಗ ಏನಾಗುತ್ತದೆ ಅಂತ ನೋಡಬೇಕು. ಯಾವ ಸಿಲಿಂಡರ್‌ನಲ್ಲಿ ಪೆಟ್ರೋಲ್ ತಾನಾಗಿ ಸಿಡಿಯುವ ನಾಕ್ ಬಂತು, ಇಸಿಯು ಇಗ್ನಿಷನ್ನನ್ನು ಎಷ್ಟು ಡಿಗ್ರಿ ಹಿಂದಕ್ಕೆ ಎಳೆಯಿತು ಅಂತ ಲಾಗ್‌ನಲ್ಲಿ ಒಂದೊಂದಾಗಿ ಸಿಗುತ್ತದೆ. ಅದನ್ನು ನೋಡದೆ ಗ್ರಾಹಕರ ಕೈಗೆ ಕೀ ಕೊಡಬೇಡಿ.

ಹೊಗೆಯ ಮಸಿ ಸೋಸುವ ಡಿಪಿಎಫ್ ಕಿತ್ತು ಹಾಕುವುದು, ಹೊಗೆಯಲ್ಲಿ ಸ್ವಲ್ಪವನ್ನು ಎಂಜಿನ್‌ಗೆ ಮರಳಿಸುವ ಇಜಿಆರ್ ಮುಚ್ಚುವುದು, ಆಮೇಲೆ ಚೆಕ್ ಲೈಟ್ ಬರದ ಹಾಗೆ ಫೈಲ್‌ನಲ್ಲಿ ಅವುಗಳ ಕೋಡ್ ಆಫ್ ಮಾಡುವುದು, ಇದನ್ನು ನಾನು ಮಾಡುವುದಿಲ್ಲ, ನೀವೂ ಮಾಡಬೇಡಿ. 2015ರಲ್ಲಿ ಆ ಕಂಪನಿ ಮಾಡಿದ್ದನ್ನೇ ನಾವು ಒಂದೊಂದು ಕಾರಿಗೆ ಮಾಡಿದ ಹಾಗಾಗುತ್ತದೆ. 2020ರ ಏಪ್ರಿಲ್ 1ರಿಂದ ಬಿಎಸ್6 ಹೊಗೆ ನಿಯಮ ಬಂದಿದೆ, ಡೀಸೆಲ್‌ನ ಗಂಧಕ 50 ಪಿಪಿಎಂನಿಂದ 10ಕ್ಕೆ ಇಳಿದಿದೆ. ಇಷ್ಟೆಲ್ಲ ಖರ್ಚು ಮಾಡಿ ತಂದ ಗಾಳಿಯನ್ನು ನಾಲ್ಕು ಪಿಎಸ್ ಆಸೆಗೆ ಕೆಡಿಸಬಾರದು. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಆ ಹೊಗೆ ಕುಡಿಯುವವರು ಸ್ಕೂಟರ್ ಮೇಲೆ ಕೂತ ಮಕ್ಕಳು.

ಕಾನೂನು ಕೂಡ ತಿಳಿದಿರಲಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿಯ ಮೂಲ ಸ್ವರೂಪಕ್ಕೆ ಹೊಂದದ ಬದಲಾವಣೆ ಮಾಡುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಪ್ರಕಾರ ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಆಗಬಹುದು. ವಾರಂಟಿಯಂತೂ ಹೋಗುತ್ತದೆ. ಹಾಗಾಗಿ ಈ ವಿದ್ಯೆಯ ಸರಿಯಾದ ಜಾಗ ಟ್ರ್ಯಾಕ್, ರ‍್ಯಾಲಿ, ಮತ್ತು ನಿಮ್ಮ ಕಾಲೇಜಿನ ವರ್ಕ್‌ಶಾಪ್.

ವರ್ಕ್‌ಶಾಪ್ ಅಂದೆ. ನಿಮ್ಮಲ್ಲಿ ಫಾರ್ಮುಲಾ ಭಾರತ್, ಅಂದರೆ ವಿದ್ಯಾರ್ಥಿಗಳೇ ರೇಸ್ ಕಾರು ಕಟ್ಟುವ ಸ್ಪರ್ಧೆಯ ತಂಡದವರು ಇದ್ದೀರಿ. ಕೊಯಮತ್ತೂರಿನ ಕಾರಿ ಟ್ರ್ಯಾಕ್‌ಗೆ ಹೋಗುವ ಎಷ್ಟೋ ತಂಡಗಳ ಹಾಗೆ ನೀವೂ ಕೆಟಿಎಂ 390 ಬೈಕಿನ ಎಂಜಿನ್ ಹಾಕಿದ್ದೀರಿ. ನಿಯಮದ ಪ್ರಕಾರ ಗಾಳಿಯೆಲ್ಲ 20 ಮಿಲಿಮೀಟರ್‌ನ ಒಂದೇ ರಂಧ್ರದಿಂದ ಬರಬೇಕು. ಬೈಕಿನ ಇಸಿಯುನಲ್ಲಿರುವ ಮ್ಯಾಪ್‌ಗೆ ಈ ರಂಧ್ರದ ವಿಷಯ ಗೊತ್ತೇ ಇಲ್ಲ. ಇಂಥ ಕಡೆ ಮೂಲ ಇಸಿಯುವನ್ನು ಬಿಚ್ಚಿ ಪಕ್ಕಕ್ಕಿಟ್ಟು, ಸ್ವತಂತ್ರ ಇಸಿಯು ಹಾಕುವುದೇ ಸರಿ. ದುಡ್ಡಿದ್ದರೆ ಮೋಟೆಕ್, ಇಲ್ಲದಿದ್ದರೆ ಸ್ಪೀಡುಯಿನೊ. ಆರ್ಡುಯಿನೊ ಮೇಲೆ ಓಡುವ, ಕೋಡ್ ಪೂರ್ತಿ ತೆರೆದಿಟ್ಟಿರುವ ಇಸಿಯು ಅದು. ಮೊದಲ ಸಲ ಖಾಲಿ ಕೋಷ್ಟಕ ಎದುರಿಗೆ ಬಂದಾಗ ಕಂಪನಿಯವರು ಎಷ್ಟು ಕೆಲಸ ಮಾಡಿದ್ದರು ಅಂತ ಅರ್ಥವಾಗುತ್ತದೆ. ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಆಗುವುದು, ಬಿಸಿ ಎಂಜಿನ್ ಮತ್ತೆ ಸ್ಟಾರ್ಟ್ ಆಗುವುದು, ಥ್ರಾಟಲ್ ಬಿಟ್ಟಾಗ ಐಡಲ್‌ಗೆ ಮೆತ್ತಗೆ ಇಳಿಯುವುದು, ಎಲ್ಲ ನೀವೇ ಬರೆಯಬೇಕು. ಒಂದು ಸೀಸನ್ ಇದನ್ನು ಮಾಡಿದವರು ಮುಂದೆ ಕಂಪನಿಗಳಲ್ಲಿ ಈ ಮ್ಯಾಪ್‌ಗಳನ್ನು ಬರೆಯುವ ಕ್ಯಾಲಿಬ್ರೇಷನ್ ಎಂಜಿನಿಯರ್ ಆಗಬಹುದು. ಆ ಕೆಲಸ ಕೊಡುವ ಕಂಪನಿಗಳು ಬೆಂಗಳೂರಿನಲ್ಲೇ ಇವೆ.

ಇನ್ನು ಪ್ರಶ್ನೆಗಳು.

"ಸರ್, ಕಲಿಯೋಕೆ ಇಸಿಯು ಎಲ್ಲಿಂದ ತರೋದು? ಅಪ್ಪನ ಕಾರು ಬಿಚ್ಚೋಕಾಗಲ್ಲ."

ಅಪ್ಪನ ಕಾರು ಮುಟ್ಟಬೇಡಮ್ಮ. ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ, ಹುಬ್ಬಳ್ಳಿ, ಮಂಗಳೂರಿನ ಗುಜರಿಗಳಲ್ಲಿ ಒಡೆದ ಕಾರುಗಳ ಇಸಿಯು ಸಿಗುತ್ತವೆ. 1.3 ಲೀಟರ್ ಮಲ್ಟಿಜೆಟ್ ಡೀಸೆಲ್‌ದು ಹುಡುಕು. ಸ್ವಿಫ್ಟ್, ಡಿಸೈರ್, ವಿಸ್ಟಾ, ಪುಂಟೊ, ಎಲ್ಲದರಲ್ಲೂ ಬಂದ ಎಂಜಿನ್, ಆದ್ದರಿಂದ ಪೆಟ್ಟಿಗೆಗಳೂ ಜಾಸ್ತಿ. ಒಂದು 75 ಪಿಎಸ್‌ದು, ಒಂದು 90 ಪಿಎಸ್‌ದು ಸಿಕ್ಕರೆ ಇನ್ನೂ ಒಳ್ಳೆಯದು. ಎರಡನ್ನೂ ಓದಿ ಹೋಲಿಸಿ ನೋಡು. 75ಕ್ಕೆ ಸಾಫ್ಟ್‌ವೇರ್ ಹಾಕಿದರೆ 90 ಆಗುತ್ತದೆ ಅಂತ ಹೇಳುವವರಿದ್ದಾರೆ. 90ರಲ್ಲಿರುವುದು ರೆಕ್ಕೆ ತಿರುಗುವ ವೇರಿಯಬಲ್ ಟರ್ಬೊ, 75ರಲ್ಲಿ ಮಾಮೂಲಿ ಟರ್ಬೊ. ಬೂಸ್ಟ್ ನಿಯಂತ್ರಣದ ಮ್ಯಾಪ್‌ಗಳನ್ನು ಪಕ್ಕಪಕ್ಕ ಇಟ್ಟರೆ ಇದು ಫೈಲ್‌ನಲ್ಲೇ ಕಾಣುತ್ತದೆ. ಕೊಳ್ಳುವಾಗ ರಸೀದಿ ಕೇಳು, ಕದ್ದ ಕಾರಿನ ಮಾಲು ಬೇಡ.

"ಸೆಕೆಂಡ್ ಹ್ಯಾಂಡ್ ಕಾರ್ ತಗೊಂಡಿದೀವಿ. ಮುಂಚಿನವರು ಟ್ಯೂನ್ ಮಾಡಿಸಿದ್ರಾ ಅಂತ ಹೇಗೆ ಗೊತ್ತಾಗುತ್ತೆ?"

ಬಿಚ್ಚುವ ಮುಂಚೆ ಒಬಿಡಿಯಿಂದ ಎರಡು ವಿಷಯ ಕೇಳಿ. ಗಾಡಿಯ ಗುರುತು ಹೇಳುವ ಮೋಡ್ 09ರಲ್ಲಿ ಕ್ಯಾಲಿಬ್ರೇಷನ್ ಐಡಿ ಮತ್ತು ಸಿವಿಎನ್ ಅಂತ ಬರುತ್ತವೆ. ಮೊದಲನೆಯದು ಸಾಫ್ಟ್‌ವೇರ್‌ನ ಹೆಸರು. ಎರಡನೆಯದು ಒಳಗಿರುವ ಅಂಕಿಗಳನ್ನೆಲ್ಲ ಕೂಡಿ ಇಸಿಯು ತೆಗೆಯುವ ಒಂದು ಮೊತ್ತ. ಅದೇ ಐಡಿ ಇರುವ, ಯಾರೂ ಮುಟ್ಟದ ಇನ್ನೊಂದು ಕಾರಿನ ಸಿವಿಎನ್ ಜೊತೆ ಹೋಲಿಸಿ. ಬೇರೆ ಇದ್ದರೆ ಯಾರೋ ಬರೆದಿದ್ದಾರೆ. ಒಂದೇ ಇದ್ದರೂ ಪೂರ್ತಿ ನಂಬುವ ಹಾಗಿಲ್ಲ, ಸಿವಿಎನ್ ಬದಲಾಗದ ಹಾಗೆ ತಿದ್ದುವವರೂ ಇದ್ದಾರೆ. ಅನುಮಾನ ಉಳಿದರೆ ಮಾತ್ರ ಇಸಿಯು ಬಿಚ್ಚಿಸಿ, ಬೆಂಚ್ ಮೇಲೆ ಪೂರ್ತಿ ಓದಿಸಿ. ಪೆಟ್ಟಿಗೆಯ ಅಂಚಿನ ಗಮ್ ಮೊದಲೇ ಕುಯ್ದ ಹಾಗಿದೆಯಾ, ಸ್ಕ್ರೂಗಳ ತಲೆ ಸವೆದಿದೆಯಾ ಅಂತಲೂ ನೋಡಿ. ಟ್ಯೂನ್ ಆಗಿದೆ ಅಂತ ಖಚಿತವಾದರೆ ಆ ಸಾಫ್ಟ್‌ವೇರ್ ನಂಬರ್‌ನ ಮೂಲ ಫೈಲ್ ಅಧಿಕೃತ ಸರ್ವಿಸ್‌ನಲ್ಲಿ ಹಾಕಿಸಬಹುದು. ಅದಕ್ಕೂ ಮುಂಚೆ ಈಗ ಒಳಗಿರುವುದರ ಒಂದು ಪ್ರತಿ ಇಟ್ಟುಕೊಳ್ಳಿ.